ಯಾವ ಡೆವಲಪರ್ ಒಳ್ಳೆಯದು, ಮಾವ?

ಕಳೆದ ಭಾನುವಾರ ಬೆಳಿಗ್ಗೆ ಪುಣೆಯಿಂದ ಅಕ್ಕನ ಮಗನ ಫೋನು. ಸಾಫ್ಟ್‌ವೇರ್ ಕೆಲಸದ ಹುಡುಗ. ಯಾರದೋ ಹತ್ತಿರ ಹಳೆಯ ಫಿಲ್ಮ್ ಕ್ಯಾಮರಾ ಕೊಂಡಿದ್ದಾನೆ, ಎರಡು ರೋಲ್ ಕಪ್ಪು-ಬಿಳುಪು ಫಿಲ್ಮ್ ಹೊಡೆದೂ ಆಗಿದೆ. ಇನ್ನು ಮನೆಯಲ್ಲೇ ತೊಳೆಯಬೇಕಂತೆ.

"ಮಾವ, ಆರು ಡೆವಲಪರ್ ಲಿಸ್ಟ್ ಮಾಡಿಟ್ಟಿದ್ದೇನೆ. ಇದರಲ್ಲಿ ಬೆಸ್ಟ್ ಯಾವುದು ಹೇಳಿ."

"ನಿನ್ನ ಮನೆ ನಲ್ಲಿ ನೀರು ಎಷ್ಟು ಡಿಗ್ರಿ ಉಂಟು ಮಾರಾಯ?" ಅಂದೆ.

ಆ ಕಡೆ ಮೌನ. ಮಾವನಿಗೆ ವಯಸ್ಸಾಯಿತು ಅಂದುಕೊಂಡಿರಬೇಕು, ಪಾಪ.

ಆದರೆ ನಾನು ತಮಾಷೆ ಮಾಡಿದ್ದಲ್ಲ. ಈ ವಿದ್ಯೆಯಲ್ಲಿ ನಾನು ಕಲಿತ ಮೊದಲ ಪಾಠವೇ ಅದು. 1984ರಲ್ಲಿ ಊರಿಂದ ಬಸ್ಸು ಹತ್ತಿ ಮುಂಬೈಗೆ ಬಂದಾಗ ನನಗೆ 19 ವರ್ಷ. ನಮ್ಮ ಕಡೆಯ ಹುಡುಗರೆಲ್ಲ ಹೋಟೆಲಿಗೆ ಸೇರಿದರೆ, ನಾನು ಅದೃಷ್ಟಕ್ಕೋ ದುರದೃಷ್ಟಕ್ಕೋ ದಾದರಿನ ಒಂದು ಸ್ಟುಡಿಯೋದ ಡಾರ್ಕ್‌ರೂಮಿಗೆ ಬಿದ್ದೆ. ಅಲ್ಲಿ ಫಿಲ್ಮ್ ತೊಳೆಯುತ್ತಿದ್ದವರು ಒಬ್ಬ ಮರಾಠಿ ಮುದುಕರು. ಎಲ್ಲರಿಗೂ ಕಾಕಾ. ನಾನು ಬಾಟ್ಲಿಗೆ ಕೈ ಹಾಕಿದರೆ ಸಾಕು, "ಆಧೀ ಪಾಣೀ ಬಘ್" ಅನ್ನುತ್ತಿದ್ದರು. ಮೊದಲು ನೀರು ನೋಡು. ಥರ್ಮಾಮೀಟರ್ ನೋಡದೆ ಟ್ಯಾಂಕಿಗೆ ಸುರಿದವನಿಗೆ ಆ ದಿನ ಕಾಕಾನ ಚಹಾ ಇಲ್ಲ.

ಅಂಗಡಿಯಿಂದ ತಂದ ಡಬ್ಬಿ ಡೆವಲಪರನ್ನು ಅವರು ಮುಟ್ಟುತ್ತಿರಲಿಲ್ಲ. ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಿಂದ ಪೊಟ್ಟಣ ಕಟ್ಟಿಸಿ ತಂದು, ತಕ್ಕಡಿಯಲ್ಲಿ ತೂಗಿ, ತಾವೇ ಕಲಸುತ್ತಿದ್ದರು. ಗೋಡೆಗೆ ಒಂದು ರಟ್ಟು ನೇತು ಹಾಕಿತ್ತು. ಅದರ ಮೇಲೆ ಬರೆದದ್ದು ಇಷ್ಟೇ: ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ನೀರು ಸೇರಿಸಿ 1 ಲೀಟರ್. ಅದು ಡಿ-76 ಅಂತ, 1920ರ ದಶಕದಲ್ಲಿ ಕೊಡಾಕ್‌ನವರು ಸಿನಿಮಾ ಫಿಲ್ಮಿಗಾಗಿ ಮಾಡಿದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಇಲ್‌ಫರ್ಡ್‌ನವರ ಐಡಿ-11 ಕೂಡ ಹೆಚ್ಚು ಕಡಿಮೆ ಅದೇ. ಸುಮಾರು ನೂರು ವರ್ಷವಾದರೂ ಈಗಲೂ ಹೊಸ ಡೆವಲಪರ್ ಬಂದರೆ ಅದನ್ನು ಇದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಮಾಡೋಣ. ಮುಂಬೈ, ಚೆನ್ನೈ, ಹೈದರಾಬಾದಿನಂಥ ಊರಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ, ತಿಂಗಳಿಗೆ ಒಂದೋ ಎರಡೋ ರೋಲ್ ತೊಳೆಯುವ ನಮ್ಮಂಥವರು "ಬೆಸ್ಟ್" ಡೆವಲಪರ್ ಹುಡುಕಬಾರದು. ನಮ್ಮ ಸೆಖೆಗೆ ಹೊಂದುವ, ಕೆಡುವ ಮೊದಲು ಸೂಚನೆ ಕೊಡುವ, ಇಲ್ಲೇ ಸಿಗುವ ಒಂದನ್ನು ಹಿಡಿದು, ಒಂದು ವರ್ಷ ಅದನ್ನು ಬಿಡಬಾರದು. ನನ್ನ ವೋಟು ಡಿ-76 ಅಥವಾ ಐಡಿ-11ಕ್ಕೆ, ಅದೂ ಒಂದಕ್ಕೆ ಒಂದು ಪಾಲು ನೀರು ಬೆರೆಸಿ.

ಸೆಖೆಯಿಂದಲೇ ಶುರು ಮಾಡೋಣ. ಫಿಲ್ಮ್ ಕಂಪನಿಗಳ ಪಟ್ಟಿಯಲ್ಲಿ ಎಲ್ಲ ಲೆಕ್ಕವೂ 20 ಡಿಗ್ರಿಗೆ. ಎಚ್‌ಪಿ5 ಪ್ಲಸ್ ಫಿಲ್ಮನ್ನು ನೀರು ಬೆರೆಸದ ಐಡಿ-11ರಲ್ಲಿ ಏಳೂವರೆ ನಿಮಿಷ ತೊಳೆಯಬೇಕು, ಸಮ ನೀರು ಬೆರೆಸಿದರೆ 13 ನಿಮಿಷ. ಆದರೆ ಡೊಂಬಿವಲಿಯ ನನ್ನ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಟೆರೇಸ್ ಟ್ಯಾಂಕಿನಿಂದ ಇಳಿಯುವ ನೀರು 32 ಡಿಗ್ರಿ! ಐಸ್ ಹಾಕಿ 20ಕ್ಕೆ ಇಳಿಸಬಹುದು, ಆದರೆ ಸ್ಟಾಪ್, ಫಿಕ್ಸರ್, ಕೊನೆಯ ತೊಳೆಯುವ ನೀರು ಎಲ್ಲವನ್ನೂ ಅಲ್ಲೇ ಹಿಡಿದಿಡಬೇಕು. ಡೆವಲಪರ್ 20, ಫಿಕ್ಸರ್ 30 ಅಂತಾದರೆ ಮೆತ್ತಗಾದ ಎಮಲ್ಷನ್ ಬಿರುಕು ಬಿಟ್ಟ ಗದ್ದೆಯ ಹಾಗೆ ಸುಕ್ಕುಗಟ್ಟುವ ಅಪಾಯ ಇದ್ದೇ ಇದೆ.

ಅದಕ್ಕೆ ನಾನು ಮಾಡುವುದು ಇಷ್ಟು. ಒಂದು ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಫ್ರಿಜ್‌ನಲ್ಲಿಟ್ಟ ಎರಡು ಬಾಟ್ಲಿ ತಣ್ಣೀರನ್ನು ಅದರೊಳಗೆ ಇಳಿಸಿ, ಎಲ್ಲ ದ್ರಾವಣಗಳನ್ನೂ ಆ ಟಬ್ಬಿನಲ್ಲಿ ನಿಲ್ಲಿಸಿ 26 ಡಿಗ್ರಿಗೆ ತರುವುದು. ಡಿಗ್ರಿ ಒಂದು ಏರಿದರೆ ಸಮಯ ಸುಮಾರು ಹತ್ತು ಶೇಕಡಾ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಹಾಗೆ ಲೆಕ್ಕ ಹಾಕಿದರೆ ನೀರು ಬೆರೆಸದ ಡೆವಲಪರಿನ ಏಳೂವರೆ ನಿಮಿಷ ನಾಲ್ಕಕ್ಕೆ ಬಂತು. ಐದು ನಿಮಿಷಕ್ಕಿಂತ ಕಡಿಮೆಯಾದರೆ ಸುರಿಯುವಾಗ, ಚೆಲ್ಲುವಾಗ ಆಗುವ ಹತ್ತಿಪ್ಪತ್ತು ಸೆಕೆಂಡಿನ ಹೆಚ್ಚುಕಮ್ಮಿಯೇ ದೊಡ್ಡದಾಗಿ, ಆಕಾಶದಲ್ಲಿ ಪಟ್ಟೆ ಪಟ್ಟೆ. ಸಮ ನೀರು ಬೆರೆಸಿದ್ದರೆ 13 ನಿಮಿಷ ಏಳರ ಆಸುಪಾಸಿಗೆ ನಿಲ್ಲುತ್ತದೆ. ಆರಾಮಾಗಿ ಕೆಲಸ ಮಾಡಬಹುದು. ಮೇ ತಿಂಗಳಲ್ಲಿ ಒಂದಕ್ಕೆ ಮೂರು ಪಾಲು ನೀರು ಬೆರೆಸಿದರೂ ನಡೆಯುತ್ತದೆ, ಸಮಯ ಇನ್ನೂ ಉದ್ದವಾಗುತ್ತದೆ. ನೋಡಿ, ಪರದೇಶದವರಿಗೆ ನೀರು ಬೆರೆಸುವುದು ಮುಖ್ಯವಾಗಿ ಉಳಿತಾಯ ಮತ್ತು ಶಾರ್ಪ್‌ನೆಸ್ಸಿನ ವಿಷಯ. ನಮಗೆ ಅದು ಪ್ರಾಣ ಉಳಿಸುವ ವಿಷಯ.

ದಿಲ್ಲಿಯಲ್ಲಿರುವ ಮಿತ್ರರು ನಗಬೇಡಿ, ನಿಮಗೂ ಇದೆ. ಜನವರಿಯಲ್ಲಿ ನಿಮ್ಮ ನಲ್ಲಿ ನೀರಲ್ಲಿ ಕೈ ಇಡಲಾಗುವುದಿಲ್ಲ. 13 ಡಿಗ್ರಿಗಿಂತ ಕೆಳಗೆ ಹೋದರೆ ಹೈಡ್ರೋಕ್ವಿನೋನ್ ಕಂಬಳಿ ಹೊದ್ದು ಮಲಗಿಬಿಡುತ್ತದೆ, ಮೆಟಾಲ್ ಒಂದೇ ದುಡಿಯಬೇಕು. ನೆಗೆಟಿವ್ ಸಪ್ಪೆ. ಬಿಸಿನೀರಿನ ಟಬ್ಬೇ ನಿಮಗೆ ಗತಿ.

ಈ ಮೆಟಾಲ್, ಹೈಡ್ರೋಕ್ವಿನೋನ್ ಅಂದರೇನು ಅಂತ ಕೇಳುವವರಿಗೆ: ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾಡುವುದು ಡೆವಲಪರಿನ ಕೆಲಸ. ಮೆಟಾಲ್ ಬೇಗ ಕೆಲಸಕ್ಕಿಳಿದು ನೆರಳಿನ ವಿವರ ತರುತ್ತದೆ. ಹೈಡ್ರೋಕ್ವಿನೋನ್ ಹಿಂದಿನಿಂದ ಬಂದು ಬೆಳಕಿನ ಭಾಗಕ್ಕೆ ಮೈ ತುಂಬಿಸುತ್ತದೆ. ಇಬ್ಬರೂ ಸೇರಿದರೆ ಒಬ್ಬೊಬ್ಬರೇ ಮಾಡುವ ಕೆಲಸದ ಮೊತ್ತಕ್ಕಿಂತ ಹೆಚ್ಚು ಮಾಡುತ್ತಾರೆ, ನಮ್ಮ ಕೂಡುಕುಟುಂಬದ ಅತ್ತೆ-ಸೊಸೆ ಹೊಂದಿಕೊಂಡ ಹಾಗೆ (ಅಪರೂಪ, ಆದರೆ ಆಗುತ್ತದೆ!). ಸಲ್ಫೈಟ್ ಇವರಿಬ್ಬರನ್ನೂ ಗಾಳಿಯಿಂದ ಕಾಪಾಡುತ್ತದೆ, ಜೊತೆಗೆ ಬೆಳ್ಳಿಯ ಕಾಳಿನ ಅಂಚನ್ನು ತುಸು ಕರಗಿಸಿ ನಯ ಮಾಡುತ್ತದೆ. ಬೋರಾಕ್ಸ್ ಅಂದರೆ ನಮ್ಮ ಅಕ್ಕಸಾಲಿಗರ ಬಿಳಿಗಾರ. ದ್ರಾವಣಕ್ಕೆ ಬೇಕಾದ ಕ್ಷಾರ ಅದರಿಂದ.

ಈಗ ಹುಡುಗನ ಪಟ್ಟಿಗೆ ಬರುತ್ತೇನೆ. ಅನ್ಯಾಯ ಮಾಡಬಾರದು, ಒಂದೊಂದಕ್ಕೂ ಅದರದರ ಗುಣ ಇದೆ.

ರೋಡಿನಾಲ್. 1891ರಲ್ಲಿ ಆಗ್ಫಾ ತಂದದ್ದು, ಈಗ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಬಾಟ್ಲಿಯೊಳಗೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ಮೇಲೂ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ನಮ್ಮಜ್ಜಿ ಭರಣಿಯಲ್ಲಿಟ್ಟ ಮಾವಿನ ಮಿಡಿಯ ಹಾಗೆ. ಒಂದಕ್ಕೆ 50 ಪಾಲು ನೀರು, ಅಂದರೆ 300 ಮಿಲಿ ಟ್ಯಾಂಕಿಗೆ 6 ಮಿಲಿ ಸಾಕು. ವರ್ಷಕ್ಕೆ ನಾಲ್ಕೇ ರೋಲ್ ತೊಳೆಯುವವರು ಡಿ-76 ಬಿಟ್ಟು ಇದನ್ನೇ ಹಿಡಿದರೆ ನನ್ನ ತಕರಾರಿಲ್ಲ. ಆದರೆ 400ರ ಫಿಲ್ಮಿನಲ್ಲಿ ಕಾಳು ಎದ್ದು ಕಾಣುತ್ತದೆ. ಮುಖದ ಮೇಲೆ ರವೆ ಉದುರಿಸಿದ ಹಾಗೆ. ಅದು ಇಷ್ಟ ಅನ್ನುವವರೂ ಇದ್ದಾರೆ ಬಿಡಿ.

ಎಚ್‌ಸಿ-110. ಪಾಕದ ಹಾಗಿದ್ದ ಹಳೆಯದು ವರ್ಷಗಟ್ಟಲೆ ಉಳಿಯುತ್ತಿತ್ತು. 2019ರಲ್ಲಿ ಅದರ ಮಾಡುವಿಕೆ ಬದಲಾಗಿ ತೆಳ್ಳಗಾಯಿತು. ಹಳೆಯ ಬಾಟ್ಲಿಯ ಬಗ್ಗೆ ಬರೆದ ಹೊಗಳಿಕೆಯನ್ನು ಓದಿ ಹೊಸ ಬಾಟ್ಲಿ ಕೊಳ್ಳಬೇಡಿ. ಇನ್ನೊಂದು, ಇದರ ಹೆಚ್ಚು ಬಳಕೆಯ ಪ್ರಮಾಣಗಳಲ್ಲಿ ಸಮಯ 20 ಡಿಗ್ರಿಯಲ್ಲೇ ಗಿಡ್ಡ. ನಮ್ಮ ಸೆಖೆಯಲ್ಲಿ ಇನ್ನೂ ಗಿಡ್ಡ.

ಪೈರೋ ಜಾತಿಯವು. ನೆಗೆಟಿವಿಗೆ ಕಂದು-ಹಸಿರು ಬಣ್ಣ ಹತ್ತಿಸುತ್ತವೆ, ಪ್ರಖರ ಬೆಳಕಿನ ಭಾಗವನ್ನು ಚೆಂದ ಹಿಡಿಯುತ್ತವೆ. ಆದರೆ ಪೈರೋಗ್ಯಾಲಾಲ್ ವಿಷ. ಮಕ್ಕಳು ಓಡಾಡುವ ಒಂದೇ ಬಚ್ಚಲಿನ ಮನೆಯಲ್ಲಿ ಅದನ್ನು ಇಡಬೇಡ ಅಂತ ಖಡಾಖಂಡಿತ ಹೇಳಿದೆ.

ಕೆಫಿನಾಲ್. 1995ರಲ್ಲಿ ಅಮೆರಿಕದ ರಾಚೆಸ್ಟರಿನ ಕಾಲೇಜೊಂದರಲ್ಲಿ ಮೇಷ್ಟ್ರೂ ವಿದ್ಯಾರ್ಥಿಗಳೂ ಸೇರಿ ಕಂಡುಕೊಂಡದ್ದು: ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ. ವಿಟಮಿನ್ ಸಿ ಆಮೇಲೆ ಸೇರಿತು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಆ ವಾಸನೆಗೆ ನನ್ನ ಹೆಂಡತಿ ಒಂದು ಇಡೀ ದಿನ ಕಾಫಿ ಮುಟ್ಟಲಿಲ್ಲ. ಮಾಟುಂಗಾದ ಫಿಲ್ಟರ್ ಕಾಫಿ ಕುಡಿದು ಬೆಳೆದ ಸಂಸಾರದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ವಿಟಮಿನ್ ಸಿ ಜಾತಿಯವು. ಫಿನಿಡೋನ್ ಅಥವಾ ಅದರ ಸಂಬಂಧಿ ಒಂದು, ಜೊತೆಗೆ ಆಸ್ಕಾರ್ಬೇಟ್. ಕಾಳು ನಯ, ನೆರಳಿನ ವಿವರ ಚೆನ್ನ, ವಿಷವೂ ಕಡಿಮೆ. ಹುಡುಗನ ಪಟ್ಟಿಯಲ್ಲಿ ಮೊದಲ ನಂಬರು ಇದಕ್ಕೇ ಇತ್ತು. ಗುಣದಲ್ಲಿ ನೋಡಿದರೆ ಅವನು ಹೇಳಿದ್ದು ಸರಿಯೇ. ಆದರೂ ನಾನು ಬೇಡ ಅಂದೆ. ಯಾಕೆ ಅಂತ ಅವನಿಗೆ ಫೋನಿನಲ್ಲಿ ಪೂರ್ತಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಕಲರ್ ಲ್ಯಾಬುಗಳು ಬಂದು ನಮ್ಮ ಡಾರ್ಕ್‌ರೂಮು ಮುಚ್ಚಿತು. ನಾನು ಒಂದು ಆಫೀಸಿನ ಗುಮಾಸ್ತನಾದೆ. ಮತ್ತೆ ಟ್ಯಾಂಕು ಕೈಗೆತ್ತಿಕೊಂಡಿದ್ದು 2018ರಲ್ಲಿ. ಕಾಕಾನ ರಟ್ಟಿನ ಲೆಕ್ಕ ನೆನಪಿತ್ತು, ಅದರಿಂದಲೇ ಶುರು ಮಾಡಿದೆ. ಆರು ತಿಂಗಳು ಚೆನ್ನಾಗಿ ಹೋಯಿತು. ಆಮೇಲೆ ನನಗೂ "ಬೆಸ್ಟ್" ಹುಚ್ಚು ಹಿಡಿಯಿತು. 2019ರ ಫೆಬ್ರವರಿಯಲ್ಲಿ ಯಾವುದೋ ಲೆಕ್ಕ ನೋಡಿ ವಿಟಮಿನ್ ಸಿ ಡೆವಲಪರನ್ನು ನಾನೇ ಕಲಸಿದೆ, ನಲ್ಲಿ ನೀರಿನಲ್ಲೇ. ಮೊದಲ ಎರಡು ರೋಲ್ ಎಷ್ಟು ಚೆಂದ ಬಂದವು ಅಂದರೆ, ಇಷ್ಟು ವರ್ಷ ಕಾಕಾ ನನಗೆ ಮೋಸ ಮಾಡಿದರೇನೋ ಅನ್ನಿಸಿತು. ಉಳಿದರ್ಧ ಬಾಟ್ಲಿಯನ್ನು ಕಪಾಟಿನಲ್ಲಿಟ್ಟೆ.

ಮೇ ತಿಂಗಳಲ್ಲಿ ಊರಿಗೆ ಹೋದೆ. ಹಳೆ ಮನೆ ಕೆಡವುವುದೆಂದು ತೀರ್ಮಾನವಾಗಿತ್ತು. ಎರಡು ರೋಲ್ ಹೊಡೆದೆ. ಮೊದಲ ರೋಲಿನಲ್ಲಿ ಹೆಚ್ಚಿನವು ಅಮ್ಮನದು. ಜಗಲಿಯ ಕಂಬಕ್ಕೆ ಒರಗಿ ಕೂತದ್ದು, ಬಾವಿಕಟ್ಟೆಯಲ್ಲಿ ಕೊಡಪಾನ ಹಿಡಿದದ್ದು, ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದ್ದು. "ಸಾಕೋ, ಎಷ್ಟು ತೆಗೀತೆ" ಅಂತ ಬೈದದ್ದು ಈಗಲೂ ಕಿವಿಯಲ್ಲಿದೆ. ಎರಡನೆಯ ರೋಲು ಖಾಲಿ ಮನೆಯದು.

ಜೂನ್‌ನಲ್ಲಿ ಮುಂಬೈಗೆ ಬಂದು, ಮುಖ್ಯವಾದದ್ದು ಅಂತ ಮೊದಲ ರೋಲನ್ನು "ಒಳ್ಳೆಯ" ಡೆವಲಪರಿನಲ್ಲಿ ಹಾಕಿದೆ. ಬಾಟ್ಲಿ ಎತ್ತಿ ನೋಡಿದ್ದೆ, ನೀರಿನಷ್ಟು ತಿಳಿ. ಫಿಕ್ಸರ್ ಚೆಲ್ಲಿ ಮುಚ್ಚಳ ತೆಗೆದು ಸುರುಳಿ ಬಿಚ್ಚಿದರೆ ಇಡೀ ಫಿಲ್ಮ್ ಖಾಲಿ. ಚಿತ್ರಗಳು ಮಾತ್ರ ಅಲ್ಲ, ಅಂಚಿನಲ್ಲಿ ಕಂಪನಿಯವರೇ ಹಾಕಿರುವ ನಂಬರುಗಳೂ ಇರಲಿಲ್ಲ. ಆಗಲೇ ಗೊತ್ತಾಯಿತು, ತಪ್ಪು ಕ್ಯಾಮರಾದ್ದಲ್ಲ. ಅಂಚಿನ ನಂಬರು ಕೂಡ ಮೂಡಿಲ್ಲ ಅಂದರೆ ಡೆವಲಪರ್ ಸತ್ತಿದೆ ಅಂತ ಅರ್ಥ.

ಬೈಯಲು ಯಾರೂ ಇರಲಿಲ್ಲ. ಕಲಸಿದವನು ನಾನು, ಅರ್ಧ ಬಾಟ್ಲಿಯಲ್ಲಿ ಗಾಳಿ ಬಿಟ್ಟವನು ನಾನು, ಏಪ್ರಿಲ್-ಮೇ ಸೆಖೆಯಲ್ಲಿ ಇಟ್ಟವನು ನಾನು. ಆಸ್ಕಾರ್ಬೇಟಿಗೆ ನೀರಿನಲ್ಲಿರುವ ಕಬ್ಬಿಣ, ತಾಮ್ರದ ಅಂಶ ಚೂರೇ ಚೂರಿದ್ದರೂ ಸಾಕು, ಗಾಳಿಯ ಜೊತೆ ಸೇರಿ ಬೇಗ ಹಾಳಾಗುತ್ತದೆ ಅಂತ ಆಮೇಲೆ ಓದಿದೆ. ಅದು ಹಾಳಾದರೂ ಬಣ್ಣ ಬದಲಾಗಬೇಕೆಂದಿಲ್ಲ ಅನ್ನುವುದನ್ನೂ ಆಮೇಲೇ ಓದಿದೆ. ಮೆಟಾಲ್-ಹೈಡ್ರೋಕ್ವಿನೋನ್ ಹಾಗಲ್ಲ. ಹಳತಾದಂತೆ ಹಳದಿ, ಆಮೇಲೆ ಕಂದು. ಸಾಯುವ ಮುಂಚೆ ಹೇಳಿ ಸಾಯುತ್ತದೆ.

ಎರಡನೆಯ ರೋಲನ್ನು ಹೊಸದಾಗಿ ಡಿ-76 ಕಲಸಿ ತೊಳೆದೆ. ಎಲ್ಲ 36 ಚಿತ್ರವೂ ಬಂದವು. ಜಗಲಿ, ಕಂಬ, ಬಾವಿಕಟ್ಟೆ, ಒಲೆ. ಅಮ್ಮ ಇಲ್ಲ. 2020ರಲ್ಲಿ ಅಮ್ಮ ತೀರಿಕೊಂಡಾಗ ಲಾಕ್‌ಡೌನು, ಊರಿಗೆ ಹೋಗಲೂ ಆಗಲಿಲ್ಲ.

ಇದನ್ನು ಹೇಳಿ ವಿಟಮಿನ್ ಸಿ ಡೆವಲಪರ್ ಕೆಟ್ಟದ್ದು ಅಂತ ಸಾಧಿಸಲು ಹೊರಟಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಕಂಠಮಟ್ಟ ತುಂಬಿದ ಸಣ್ಣ ಬಾಟ್ಲಿಗಳಲ್ಲಿಟ್ಟು, ದಿನಾಂಕ ಬರೆದು, ಬೇಗ ಮುಗಿಸುವ ಶಿಸ್ತಿನವರಿಗೆ ಅದು ಒಳ್ಳೆಯದೇ. ನಾನು ಹೇಳುವುದು, ಡೆವಲಪರ್ ಆರಿಸುವಾಗ ಅದು ಚೆನ್ನಾಗಿದ್ದಾಗ ಎಷ್ಟು ಚೆನ್ನ ಅಂತ ಮಾತ್ರ ನೋಡಬೇಡಿ. ಕೆಟ್ಟಾಗ ಎಷ್ಟು ಕೆಡುತ್ತದೆ, ಹೇಳಿ ಕೆಡುತ್ತದೋ ಹೇಳದೆ ಕೆಡುತ್ತದೋ ಅಂತಲೂ ನೋಡಿ. ಎರಡು ಡೆವಲಪರುಗಳ ಒಳ್ಳೆಯತನದ ನಡುವಿನ ವ್ಯತ್ಯಾಸ ಭೂತಗನ್ನಡಿ ಹಿಡಿದರೆ ಕಾಣುವಷ್ಟು. ಬಂದ ಚಿತ್ರಕ್ಕೂ ಬಾರದ ಚಿತ್ರಕ್ಕೂ ಇರುವ ವ್ಯತ್ಯಾಸ ಅಷ್ಟಲ್ಲ.

ಯಾವ ಡೆವಲಪರೇ ಇರಲಿ, ಕಾಕಾ ಕಲಿಸಿದ್ದ, ನಾನು ಆ ದಿನ ಮರೆತಿದ್ದ ಒಂದು ಪರೀಕ್ಷೆ ಇದೆ. ಫಿಲ್ಮಿನ ತುದಿಯಲ್ಲಿ ಕ್ಯಾಮರಾಕ್ಕೆ ಸಿಕ್ಕಿಸುವ ನಾಲಿಗೆ ಇರುತ್ತದಲ್ಲ, ಅದರ ಒಂದು ಚೂರನ್ನು ಕತ್ತರಿಸಿ ಬೆಳಕಿನಲ್ಲೇ ಡೆವಲಪರಿಗೆ ಅದ್ದಿ. ಕೆಲವು ನಿಮಿಷದಲ್ಲಿ ಇದ್ದಿಲಿನ ಹಾಗೆ ಕಪ್ಪಾದರೆ ಡೆವಲಪರ್ ಬದುಕಿದೆ. ಆಗದಿದ್ದರೆ ಚೆಲ್ಲಿ. ಕಾಸು ಖರ್ಚಿಲ್ಲ. ಈಗ ನಾನು ನಿನ್ನೆ ಕಲಸಿದ ಡೆವಲಪರಿಗೂ ಇದನ್ನು ಮಾಡುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಡಿ-76ಕ್ಕೂ ದೋಷವಿದೆ. ಪುಡಿಯನ್ನು 50 ಡಿಗ್ರಿ ಬಿಸಿನೀರಿನಲ್ಲಿ ಕರಗಿಸಬೇಕು, ತಣಿಯಲು ಕಾಯಬೇಕು. ಇಟ್ಟಂತೆ ಕ್ಷಾರ ತುಸು ಏರಿ ಕೆಲವು ವಾರದ ಮೇಲೆ ಕಾಂಟ್ರಾಸ್ಟ್ ಹೆಚ್ಚಾಗುವುದೂ ಉಂಟು. ಅದಕ್ಕೆ ಒಂದು ಲೀಟರಿಗಿಂತ ಹೆಚ್ಚು ಕಲಸಬೇಡಿ. 300 ಮಿಲಿ ಟ್ಯಾಂಕಿಗೆ 150 ಡೆವಲಪರ್, 150 ನೀರು, ಬಳಸಿ ಚೆಲ್ಲುವುದು. ಲೀಟರಿಗೆ ಆರು ರೋಲ್ ಆಯಿತು. ನಾಲ್ಕು ವಸ್ತು ತೂಗುವುದೂ ಕಷ್ಟ ಅನ್ನುವವರಿಗೆ ಡಿ-23 ಇದೆ: ಮೆಟಾಲ್ ಏಳೂವರೆ ಗ್ರಾಂ, ಸಲ್ಫೈಟ್ 100 ಗ್ರಾಂ, ನೀರು ಸೇರಿಸಿ 1 ಲೀಟರ್, ಮುಗಿಯಿತು. ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ಆ ಪ್ರಸಿದ್ಧ ಚಂದ್ರೋದಯದ ಚಿತ್ರದ ನೆಗೆಟಿವನ್ನು ತೊಳೆದದ್ದು ತೆಳು ಮಾಡಿದ ಡಿ-23ರಲ್ಲಿ. ಚಿಟಿಕೆ ಸಲ್ಫೈಟ್ ಮೊದಲು, ಆಮೇಲೆ ಮೆಟಾಲ್ ಪೂರ್ತಿ ಕರಗಿದ ನಂತರ ಉಳಿದ ಸಲ್ಫೈಟ್. ತಿರುಗಾಮುರುಗಾ ಮಾಡಿದರೆ ಮೆಟಾಲ್ ಕರಗಲು ಕೇಳುವುದಿಲ್ಲ. ಕೈಗೆ ಗ್ಲೌಸ್ ಹಾಕಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕಾಕಾನ ಬೆರಳುಗಳನ್ನು ನೋಡಿದವನು ನಾನು. ಅಡುಗೆಯ ಪಾತ್ರೆ, ಚಮಚ ಮಾತ್ರ ಖಂಡಿತ ಬೇಡ.

ಮತ್ತೊಂದು ಕಾರಣ, ನನಗೆ ಇದೇ ದೊಡ್ಡದು. ಊಟಿಯಲ್ಲಿ 1960ರಲ್ಲಿ ಶುರುವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ಫಿಲ್ಮು, ಪೇಪರು ಬಳಸಿದವರು ನಿಮ್ಮಲ್ಲೂ ಇರಬಹುದು. ಆ ಕಾರ್ಖಾನೆ ಈಗ ಇಲ್ಲ. ಕೊಡಾಕ್ ಕೂಡ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಆಮೇಲೆ ಚೇತರಿಸಿಕೊಂಡಿತು. ಡಬ್ಬಿ ಬರುತ್ತದೆ, ನಿಲ್ಲುತ್ತದೆ, ಹೆಸರು ಬದಲಾಗುತ್ತದೆ, ಬೆಲೆ ಏರುತ್ತದೆ. ಆದರೆ ರಟ್ಟಿನ ಮೇಲಿನ ನಾಲ್ಕು ಸಾಲನ್ನು ಯಾರೂ ನಿಲ್ಲಿಸಲಾರರು. ಪರವೂರಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದು ಗೊತ್ತಿರುವ ವಿಷಯವೇ ಅಲ್ಲವೇ? ಅಂಗಡಿಯ ಸಾಂಬಾರ್ ಪುಡಿ ಸಿಗದಿದ್ದರೆ ಕೊತ್ತಂಬರಿ, ಮೆಣಸು ಹುರಿದು ನಾವೇ ಕುಟ್ಟಿಕೊಂಡವರು ತಾನೇ.

ಹುಡುಗನಿಗೆ ಕೊನೆಗೆ ಹೇಳಿದ್ದು ಇದು. ಒಂದು ಫಿಲ್ಮ್, ಒಂದು ಡೆವಲಪರ್, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಪ್ರತಿ ರೋಲಿಗೂ ಡಿಗ್ರಿ, ನಿಮಿಷ, ಎಷ್ಟು ಸಲ ಅಲುಗಾಡಿಸಿದೆ ಎಲ್ಲ ಬರೆ. ನೆರಳಿನಲ್ಲಿ ವಿವರ ಇಲ್ಲದಿದ್ದರೆ ಡೆವಲಪರನ್ನು ಬೈಯಬೇಡ, ಮುಂದಿನ ಸಲ ಕ್ಯಾಮರಾದಲ್ಲಿ ಬೆಳಕು ಹೆಚ್ಚು ಕೊಡು. ಆಕಾಶ ಸುಟ್ಟಂತಾದರೆ ಸಮಯ ಕಡಿಮೆ ಮಾಡು. ಹತ್ತು ರೋಲ್ ಆದ ಮೇಲೂ ಏನೋ ಕೊರತೆ ಅನ್ನಿಸಿದರೆ ಆಗ ಬೇರೆಯದು ನೋಡು. ಆದರೆ ಹೊಸದನ್ನು ಮೊದಲು ಬಿಲ್ಡಿಂಗಿನ ಕೆಳಗಿನ ಪಾರಿವಾಳಗಳ ಮೇಲೆ ಪ್ರಯೋಗ ಮಾಡು, ಮನೆಯವರ ಮೇಲಲ್ಲ.

"ಅಷ್ಟೆಲ್ಲ ಸರಿ ಮಾವ, ಆದರೆ ಬೆಸ್ಟ್ ಯಾವುದು ಅಂತ ನೀವು ಹೇಳಲೇ ಇಲ್ಲ" ಅಂದ.

"ಆ ಎರಡು ರೋಲಿನಲ್ಲಿ ಏನು ತೆಗೆದಿದ್ದೀ?" ಕೇಳಿದೆ.

"ಒಂದರಲ್ಲಿ ಸಿಂಹಗಢ. ಇನ್ನೊಂದರಲ್ಲಿ ಅಮ್ಮ ಬಂದಿದ್ದಳಲ್ಲ ದೀಪಾವಳಿಗೆ, ಅವಳದ್ದು."

"ಮೊದಲು ಸಿಂಹಗಢ ತೊಳಿ," ಅಂದೆ. "ಅಕ್ಕನ ರೋಲನ್ನು ಹಾಗೇ ಇಡು. ಮುಂದಿನ ಶನಿವಾರ ನಾನೇ ಬರುತ್ತೇನೆ."

ಥರ್ಮಾಮೀಟರನ್ನು ಈಗಾಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ. ನಿಮ್ಮ ಕಪಾಟಿನಲ್ಲೂ ತೊಳೆಯದೆ ಉಳಿದ ರೋಲೇನಾದರೂ ಇದೆಯೇ? ಇದ್ದರೆ ಅವಸರ ಮಾಡಬೇಡಿ. ಮೊದಲು ನೀರು ನೋಡಿ.